ಮೂಲೆಯಿಂದ ಕಂಡ ಕೋಣೆ

ದೊಡ್ಡ ಪರದೆಯ ಮೇಲೆ ತನ್ನ ಕಾಲು ಕಂಡಾಗ ಅದು ತನ್ನದೇ ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಬಾಡಿಗೆಗೆ ಬಿಡುವ ಮನೆಯೊಂದರ ಹಜಾರದ, ಅವನೇ ತೆಗೆದ ಫೋಟೋ ಅದು. ಗೋಡೆ, ಕಿಟಕಿ, ಆಚೆಗಿನ ಅಡುಗೆಮನೆಯ ಕಟ್ಟೆ ಎಲ್ಲವೂ ಇದ್ದಲ್ಲೇ ಇದ್ದವು. ಕೆಳಗಿನ ಅಂಚಿನಲ್ಲಿ ಮಾತ್ರ ಕಪ್ಪಗೆ, ಉದ್ದಕ್ಕೆ, ಮೊಸಳೆಯ ಮೂತಿಯಂಥದ್ದೊಂದು ಒಳಗೆ ನುಗ್ಗಿತ್ತು. "ಭಾವ, ಈ ಬೂಟನ್ನೂ ಬಾಡಿಗೆಗೆ ಬಿಡೋಣ್ವಾ? ಒಂದು ಸಣ್ಣ ಸಂಸಾರ ಆರಾಮಾಗಿ ಇರಬಹುದು," ಎಂದ ಭಾವಮೈದ. ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನಗದೆ ಇದ್ದರೆ ಕೋಪ ಬಂದಿದೆ ಎಂದುಕೊಳ್ಳುತ್ತಾರೆ, ಹಾಗೆಂದುಕೊಂಡರೆ ಭಾವಮೈದ ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಾನೆ. ಆ ಕೈಗಿಂತ ಈ ನಗೆಯೇ ವಾಸಿ. ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವನು, ಹೆಂಡತಿಯ ತಮ್ಮ, ಒಂದು ಕಾಲದಲ್ಲಿ ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂದು ಅವನ ಸ್ಟುಡಿಯೋದ ನೀಲಿ ಪರದೆಯ ಮುಂದೆ ಕೈಕಟ್ಟಿ ಕೂತಿದ್ದವನು. "ಗಲ್ಲ ಸ್ವಲ್ಪ ಕೆಳಗೆ" ಎಂದರೆ ಇಳಿಸುತ್ತಿದ್ದ, "ಉಸಿರು ಬಿಡು" ಎಂದರೆ ಬಿಡುತ್ತಿದ್ದ. ಆ ನೀಲಿ ಪರದೆಯ ಮುಂದೆ ಯಾರಿಗೂ ಕಾಲೆಂಬುದು ಇರಲಿಲ್ಲ. ತಲೆ, ಕತ್ತು, ಎರಡು ಹೆಗಲು. ಉಂಗುಷ್ಠ ಕಿತ್ತ ಚಪ್ಪಲಿಯವನೂ ಸ್ಟುಡಿಯೋದ ಕೋಟು ತೊಟ್ಟು ಕೂತರೆ ಸಾಹೇಬನೇ. ಇಡೀ ಆಯುಷ್ಯ ಜನರನ್ನು ಎದೆಯಿಂದ ಮೇಲಕ್ಕೆ ನೋಡಿದ ತನಗೆ ಈಗ ತನ್ನ ಕಾಲೇ ಅಡ್ಡ ಬರುತ್ತಿದೆ ಎಂದು ಅವನಿಗೆ ಅನಿಸಿತು. ಆಫೀಸಿನವರು ಬೆನ್ನ ಹಿಂದೆ ಅವನನ್ನು ಪಾಸ್‌ಪೋರ್ಟು ಎಂದು ಕರೆಯುತ್ತಿದ್ದುದು ಅವನಿಗೆ ಗೊತ್ತಿತ್ತು. ಅವನು ಫೋಟೋವನ್ನು ಅಳಿಸಿ ಮತ್ತೊಮ್ಮೆ ತೆಗೆದು ತರುತ್ತೇನೆಂದು ಹೇಳಿ ಚೀಲ ಎತ್ತಿಕೊಂಡ.

ಪಾಸ್‌ಪೋರ್ಟು ಫೋಟೋಗಳನ್ನು ಜನ ತಮ್ಮ ಫೋನಿನಲ್ಲೇ ತೆಗೆದುಕೊಳ್ಳತೊಡಗಿದ ಮೇಲೆ ಸ್ಟುಡಿಯೋ ಮುಚ್ಚಿತ್ತು. ಭಾವಮೈದ ಬಾಡಿಗೆ ಮನೆ ಕೊಡಿಸುವ ಆಫೀಸು ನಡೆಸುತ್ತಿದ್ದ. ಕರೆದು ಕೆಲಸ ಕೊಟ್ಟ. "ಫೋಟೋ ತೆಗೆಯೋದು ನಿಮಗೇನು ಹೊಸದಾ ಭಾವ? ಲೆನ್ಸು ಒಂದು ಬೇರೆ, ಅಷ್ಟೇ." ಅಷ್ಟೇ ಆಗಿರಲಿಲ್ಲ. ಹಳೆಯ ಲೆನ್ಸಿಗೆ ದೂರ ನಿಂತು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಬೇಕಿತ್ತು, ಮರ್ಯಾದಸ್ಥರ ಮನೆಗೆ ಹೋದವನು ಸೋಫಾದ ತುದಿಯಲ್ಲಿ ಕೂರುವ ಹಾಗೆ. ಈ ಅಗಲದ ಲೆನ್ಸಿಗೆ ಅಂಥ ನಾಚಿಕೆಯೇ ಇಲ್ಲ. ಎದುರಿಗಿದ್ದದ್ದು, ಎಡಬಲಕ್ಕಿದ್ದದ್ದು, ಕಣ್ಣು ಬೇಡವೆಂದು ಬಿಟ್ಟದ್ದು ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಇನ್ನಷ್ಟು ದೂರ ತಳ್ಳುತ್ತದೆ. ಕ್ಯಾಮೆರಾ ಒಂದು ಚೂರು ಮೇಲಕ್ಕೆತ್ತಿದರೆ ಗೋಡೆಗಳು ಕುಡಿದವರ ಹಾಗೆ ವಾಲುತ್ತವೆ. ಅಂಚಿನಲ್ಲಿ ನಿಂತ ಮನುಷ್ಯ ಪಕ್ಕಕ್ಕೆ ಹಿಗ್ಗುತ್ತಾನೆ. ಶುರುವಿನಲ್ಲಿ ಒಬ್ಬ ಮಾಲೀಕ ತನ್ನ ಮನೆಯ ಜೊತೆ ತನ್ನ ಹೆಂಡತಿಯೂ ಬರಬೇಕೆಂದು ಹಟ ಹಿಡಿದು ಆಕೆಯನ್ನು ಬಾಗಿಲ ಪಕ್ಕ ನಿಲ್ಲಿಸಿದ್ದ, ಫೋಟೋ ನೋಡಿ ಆಫೀಸಿಗೆ ಫೋನು ಮಾಡಿ, "ನನ್ನ ಹೆಂಡತಿ ಹೀಗಿದ್ದಾಳೇನ್ರೀ?" ಎಂದು ಕೂಗಾಡಿದ್ದ. ಹಿಂದಿನಿಂದ ಆಕೆ ಸಣ್ಣ ದನಿಯಲ್ಲಿ "ಇರಲಿ ಬಿಡಿ" ಎನ್ನುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು. ಕಷ್ಟಪಟ್ಟು ಅವನು ಕಲಿತ. ಮೂಲೆಗೆ ಹೋಗಬೇಕು, ಬೆನ್ನು ಗೋಡೆಗೆ ಒತ್ತಬೇಕು, ಕ್ಯಾಮೆರಾ ಸೊಂಟದೆತ್ತರಕ್ಕೆ ಮಟ್ಟವಾಗಿ ಹಿಡಿಯಬೇಕು, ಹೊಟ್ಟೆ ಒಳಕ್ಕೆಳೆದು ಕಾಲು ಹಿಂದಕ್ಕಿಡಬೇಕು. ಆಗ ನೆಲ ಹೊಳೆಯ ಹಾಗೆ ಮುಂದಕ್ಕೆ ಹರಿಯುತ್ತದೆ, ಎದುರು ಗೋಡೆ ಹಿಂದೆ ಹಿಂದೆ ಸರಿಯುತ್ತದೆ, ಕೋಳಿಗೂಡೂ ಸಭಾಂಗಣವಾಗುತ್ತದೆ. ಇದು ಮೋಸವಲ್ಲವೇ ಎಂದು ಒಂದು ಸಲ ಕೇಳಿದ್ದ. "ಇರೋದನ್ನೇ ತೋರಿಸ್ತಿದ್ದೀವಲ್ಲ ಭಾವ? ಇಲ್ಲದ್ದೇನಾದ್ರೂ ಸೇರಿಸಿದ್ವಾ? ಹೇಗೂ ಬಂದು ನೋಡ್ತಾರೆ, ಆಗ ಅವರಿಗೇ ಗೊತ್ತಾಗ್ತದೆ," ಎಂದಿದ್ದ ಭಾವಮೈದ. ಆ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬಂದು ನೋಡುತ್ತಾರಲ್ಲ, ತನ್ನದೇನು ತಪ್ಪು.

ಬಂದು ನೋಡಲಾರದವಳು ಅವನ ಮನೆಯಲ್ಲೇ ಇದ್ದ ಅಕ್ಕ. ಅವಳ ಎರಡೂ ಮೊಣಕಾಲು ಹೋಗಿ ವರ್ಷಗಳಾಗಿದ್ದವು. ಮನೆಯೊಳಗೇ ಗೋಡೆ ಹಿಡಿದು ನಡೆಯುತ್ತಾಳೆ, ಮೇಜಿನ ಹತ್ತಿರ ಬಂದರೆ ಮಾತ್ರ ನೆಟ್ಟಗೆ ನಿಲ್ಲುತ್ತಾಳೆ. ಹೊಲಿಗೆ ಅವಳ ಕಸುಬು. ಬಟ್ಟೆ ಹಾಸಿ ಕತ್ತರಿಸುವ ಆ ಕಟಿಂಗ್ ಮೇಜು ಅವಳ ಕೋಣೆಯ ಮುಕ್ಕಾಲು ಭಾಗ ತಿಂದುಬಿಟ್ಟಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವಳು ಅವನನ್ನು ಸಾಕಿದ್ದು ಆ ಮೇಜಿನ ಮೇಲೆ ಎಂದರೂ ಸರಿ, ಅದರ ಕೆಳಗೆ ಎಂದರೂ ಸರಿ. ಮೇಲೆ ಕತ್ತರಿ ಕಚ ಕಚ ಎನ್ನುತ್ತಿರುವಾಗ ಕೆಳಗೆ ಅವನು ಹೋಮ್‌ವರ್ಕ್ ಮಾಡುತ್ತಿದ್ದ, ಜ್ವರ ಬಂದರೆ ಅಲ್ಲೇ ಮಲಗುತ್ತಿದ್ದ. ನಾಲ್ಕೂ ಕಡೆ ಬಟ್ಟೆ ಇಳಿಬಿದ್ದು ಒಳಗೆ ಒಂದು ಬಗೆಯ ಬಣ್ಣದ ಬೆಳಕು. ಒಂದು ದಿನ ಹಸಿರು, ಒಂದು ದಿನ ಕೆಂಪು. ಎಷ್ಟು ಅಗಲವಿತ್ತು ಆ ಜಾಗ. ಕೈಕಾಲು ಚಾಚಿದರೂ ಎಲ್ಲೂ ತಾಗುತ್ತಿರಲಿಲ್ಲ. ಆಮೇಲೆ ಅವನು ಇದ್ದ ಯಾವ ಕೋಣೆಯೂ ಅಷ್ಟು ದೊಡ್ಡದಾಗಿರಲಿಲ್ಲ. ಕೆಳಗೆ ಬಿದ್ದ ಚೂರುಗಳನ್ನು ಆಯುವ ನೆಪದಲ್ಲಿ ಅಕ್ಕ ಬಗ್ಗಿ ಇಣುಕಿ, "ಏನೋ ಮಹಾರಾಜ, ಅರಮನೆಯಲ್ಲಿ ಎಲ್ಲ ಕ್ಷೇಮವಾ?" ಎನ್ನುತ್ತಿದ್ದಳು. ಅವಳು ಆಗ ಬಗ್ಗಬಲ್ಲವಳಾಗಿದ್ದಳು.

ಮಗಳ ಫೋನು ಬಂದದ್ದು ಒಂದು ಭಾನುವಾರ. ಅಳಿಯನಿಗೆ ಇಲ್ಲಿಗೇ ವರ್ಗವಾಗಿದೆ, ಕೂಸು ಇನ್ನೂ ಎಳೆಯದು, ಸ್ವಲ್ಪ ಕಾಲ ಇಲ್ಲೇ ಇರುತ್ತಾರಂತೆ. ಸಂತೋಷದ ಸುದ್ದಿಯೇ. ಫೋನಿಟ್ಟ ಮೇಲೆ ಹೆಂಡತಿ ಪಾತ್ರೆ ಒರೆಸುತ್ತಾ, "ನಾನೇನೂ ಹೇಳಲ್ಲಪ್ಪ. ನಿಮ್ಮಕ್ಕ, ನಿಮ್ಮ ಮಗಳು. ನೀವುಂಟು ಅವರುಂಟು," ಎಂದಳು. ಏನೂ ಹೇಳದೆ ಎಲ್ಲವನ್ನೂ ಹೇಳುವ ಅವಳ ಈ ವಿದ್ಯೆಯ ಮುಂದೆ ಅವನು ಎಂದೂ ಗೆದ್ದವನಲ್ಲ. ಆದರೆ ಅವಳದು ತಪ್ಪೆಂದು ಹೇಳುವಂತೆಯೂ ಇರಲಿಲ್ಲ, ಇದ್ದದ್ದೇ ಎರಡು ಕೋಣೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಅದಕ್ಕ್ಯಾಕೆ ಅಷ್ಟು ತಲೆ ಕೆಡಿಸ್ಕೊಳ್ತೀರ?" ಎಂದು ಅಕ್ಕನ ದನಿ ಬಂತು. "ನಾನೇ ಒಂದು ರೂಮು ನೋಡ್ಕೊಳ್ತೀನಿ. ನನಗೂ ದಿನವಿಡೀ ಯಂತ್ರ ತುಳಿಯೋದಕ್ಕೆ ಕೂಸು ಇರೋ ಮನೆ ಆಗಿಬರಲ್ಲ. ಆದ್ರೆ ಒಂದು ಮಾತು. ನನ್ನ ಮೇಜು ಹಿಡಿಸಬೇಕು. ಮೇಜು ಹಿಡಿಸಲ್ಲ ಅಂದ್ರೆ ನಾನು ಈ ಮನೆ ಬಿಟ್ಟು ಏಳೋಳಲ್ಲ, ಈಗಲೇ ಹೇಳಿದೀನಿ." ಎಷ್ಟು ಸುಲಭವಾಗಿ ಆಗಿಹೋಯಿತು ಎಂದು ಅವನ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಅವನು, "ನೀನ್ಯಾಕೆ ಹೋಗ್ಬೇಕಕ್ಕ, ಹೇಗೋ ಆಗ್ತದೆ," ಎಂದ. ಹೇಗೆ ಎಂದು ಯಾರೂ ಕೇಳಲಿಲ್ಲ, ಅವನೂ ಮುಂದುವರಿಸಲಿಲ್ಲ.

ಭಾವಮೈದನ ಆಫೀಸಿಗೇ ಒಂದು ರೂಮು ಬಂದಿತ್ತು. ಹತ್ತಿರದ ಬೀದಿ, ಮೂರನೇ ಮಹಡಿ, ಮಾಲೀಕನದೇ ಒಂದು ಮಂಚವಿದೆ, ಲಿಫ್ಟಿದೆ, ಸದ್ಯಕ್ಕೆ ಕೆಟ್ಟಿದೆ. ಮಾಲೀಕ ಬೇಗ ಉತ್ತರ ಕೇಳಿದ್ದ. "ಆ ಮೆಟ್ಟಿಲು ಹತ್ತಿ ರೂಮು ನೋಡೋಷ್ಟರಲ್ಲಿ ನಾನು ಮೇಲಕ್ಕೇ ಹೋಗಿಬಿಡ್ತೀನಿ," ಎಂದು ಅಕ್ಕ ನಕ್ಕಳು. "ನೀನೇ ಹೋಗಿ ಬಾ. ಒಂದು ಫೋಟೋ ತಾ. ನೀನು ನೋಡಿದ್ರೆ ನಾನು ನೋಡಿದ ಹಾಗೇ." ಹಳೆಯದೊಂದು ಅಳತೆಯ ಟೇಪನ್ನು ಮೇಜಿನ ಉದ್ದಕ್ಕೆ ಹಿಡಿದು ಒಂದು ಪಿನ್ನು ಚುಚ್ಚಿದಳು, ಅಗಲಕ್ಕೆ ಹಿಡಿದು ಇನ್ನೊಂದು. "ಲೆಕ್ಕ ಗಿಕ್ಕ ಏನೂ ಬೇಡ. ನೆಲದ ಮೇಲೆ ಹಾಸಿ ನೋಡು. ಮಂಚದ ಪಕ್ಕ ಇಷ್ಟು ಜಾಗ ಉಳಿದ್ರೆ ಸರಿ." ಆಮೇಲೆ ಟೇಪನ್ನು ಸುರುಳಿ ಸುತ್ತಿ, ಮೇಜಿನ ಮೇಲಿದ್ದ ಕೆಂಪು ದಾರದ ತುಂಡಿನಿಂದ ಕಟ್ಟಿ, ಅವಳ ಅಭ್ಯಾಸದಂತೆ ಗಂಟಿನ ಮೇಲೊಂದು ಪುಟ್ಟ ಹೂವಿನ ಹಾಗೆ ಕುಣಿಕೆ ಹಾಕಿ ಅವನ ಅಂಗೈಯಲ್ಲಿಟ್ಟಳು. ಶಾಲೆಗೆ ಹೋಗುವಾಗ ಡಬ್ಬಿ ಕೊಡುತ್ತಿದ್ದುದೂ ಹೀಗೇ, ಅಂಗೈ ಮುಚ್ಚಿ, ಮೇಲಿಂದ ಒಮ್ಮೆ ತಟ್ಟಿ. ಅವನು ಅದನ್ನು ಕ್ಯಾಮೆರಾ ಚೀಲದ ಹೊರಜೇಬಿಗೆ ಹಾಕಿಕೊಂಡ.

ಬಾಗಿಲು ತೆರೆದಾಕ್ಷಣವೇ ಅವನಿಗೆ ಗೊತ್ತಾಯಿತು. ಗೊತ್ತಾಯಿತು ಎನ್ನುವುದನ್ನು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಇಲ್ಲವೆಂದು ಹೇಳಿಕೊಂಡ, ಅಂದಾಜಿತ್ತು ಅಷ್ಟೇ, ಖಚಿತವಾಗಿ ಗೊತ್ತಿರಲಿಲ್ಲ ಎಂದು. ಒಂದು ಮಂಚ, ಮಂಚದ ಪಕ್ಕ ಒಬ್ಬರು ನಡೆಯುವಷ್ಟು ನೆಲ, ಎದುರಿಗೆ ಒಂದು ಕಿಟಕಿ. ಕಿಟಕಿ ಮಾತ್ರ ಚೆನ್ನಾಗಿತ್ತು, ಗೋಡೆಯ ಬಹುಪಾಲು ಅದೇ. ಹೊರಗೆ ಪಕ್ಕದ ಕಟ್ಟಡದ ತಾರಸಿ, ಒಣಗಲು ಹಾಕಿದ ಬಟ್ಟೆ, ನೀರಿನ ತೊಟ್ಟಿ, ಅದರಾಚೆ ಆಕಾಶ. "ಒಬ್ರಿಗೆ ಧಾರಾಳ," ಎಂದ ಮಾಲೀಕ ಹೊರಗಿನ ಕಾರಿಡಾರಿನಿಂದಲೇ, ಯಾಕೆಂದರೆ ಒಳಗೆ ಇಬ್ಬರು ನಿಂತರೆ ಧಾರಾಳ ಎನ್ನುವ ಮಾತು ಬಾಯಿಂದ ಹೊರಡುವಂತಿರಲಿಲ್ಲ. "ನಮ್ಮಕ್ಕನಿಗೆ ಒಂದು ಮೇಜಿದೆ," ಎಂದ ಅವನು. "ಇರಲಿ, ಪಾಪ. ಮೇಜು ಎಲ್ಲರಿಗೂ ಇರ್ತದೆ." ಮಾಲೀಕ ಫೋನು ಬಂತೆಂದು ಆಚೆ ಹೋದ. ಅವನು ಟೇಪನ್ನು ಹೊರತೆಗೆದ. ಕೆಂಪು ದಾರದ ತುದಿ ಹಿಡಿದು ಎಳೆದರೆ ಸಾಕಿತ್ತು, ಬಿಚ್ಚಿಕೊಳ್ಳುತ್ತಿತ್ತು. ಹಾಸಿದರೆ ತಿಳಿದುಹೋಗುತ್ತದೆ. ತಿಳಿದರೆ ಮನೆಗೆ ಹೋಗಿ ಹೇಳಬೇಕಾಗುತ್ತದೆ. ಹೇಳಿದರೆ ಅಕ್ಕ ಏಳುವುದಿಲ್ಲ, ಮಗಳಿಗೆ ಬರಬೇಡವೆನ್ನಬೇಕು, ಹೆಂಡತಿ ಮತ್ತೆ ಪಾತ್ರೆ ಒರೆಸುತ್ತಾ ನಾನೇನೂ ಹೇಳಲ್ಲಪ್ಪ ಎನ್ನುತ್ತಾಳೆ, ಭಾವಮೈದ ಹೆಗಲ ಮೇಲೆ ಕೈಯಿಡುತ್ತಾನೆ. ಹಾಸದಿದ್ದರೆ ಏನೂ ಇಲ್ಲ, ಬರೀ ಒಂದು ಫೋಟೋ. ಅವನು ಟೇಪನ್ನು ಹಾಗೆಯೇ ಜೇಬಿಗೆ ತಿರುಗಿಸಿದ.

ಮೊದಲು ಹಳೆಯ ಲೆನ್ಸು ಹಾಕಿ ತೆಗೆದ. ಬಾಗಿಲಲ್ಲಿ ನಿಂತು ತೆಗೆದರೂ ಬಂದದ್ದು ಒಂದು ದಿಂಬು, ಮಂಚದ ಅರ್ಧ, ಕಿಟಕಿಯ ಒಂದು ಕಂಬಿ. ಇದೂ ನಿಜವಲ್ಲವಲ್ಲ ಎಂದು ಅವನಿಗೆ ಒಂದು ಬಗೆಯ ಸಮಾಧಾನವಾಯಿತು. ಇದನ್ನು ತೋರಿಸಿದರೆ ಅಕ್ಕ ಜೈಲೆಂದುಕೊಳ್ಳುತ್ತಾಳೆ. ಇರುವುದಕ್ಕಿಂತ ಕಮ್ಮಿ ತೋರಿಸುವುದು ನ್ಯಾಯವೇ? ಹೀಗೆ ತನ್ನೊಳಗೇ ವಕೀಲಿ ಮಾಡಿಕೊಳ್ಳುತ್ತ ಅವನು ಲೆನ್ಸು ಬದಲಿಸಿದ, ಮಂಚದ ತಲೆಭಾಗಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಹೆಗಲು ಮುಂದೆ ಮಾಡಿ ತೂರಿಕೊಂಡ, ಬೆನ್ನನ್ನು ಮೂಲೆಗೆ ಒತ್ತಿದ. ಗೋಡೆಯ ತಂಪು ಅಂಗಿಯೊಳಕ್ಕೆ ಇಳಿಯಿತು. ಹೊಟ್ಟೆ ಒಳಕ್ಕೆ, ಕಾಲು ಹಿಂದಕ್ಕೆ, ಸೊಂಟದೆತ್ತರ, ಮಟ್ಟ. ಆ ಗಳಿಗೆಯಲ್ಲಿ ಅವನು ಅಕ್ಕನನ್ನು ಮರೆತ. ಸತ್ಯವಾಗಿ ಮರೆತ. ಕಿಟಕಿಯಿಂದ ಬಂದ ಬೆಳಕು ಮಂಚದ ಹೊದಿಕೆಯ ಮೇಲಿಂದ ಇಳಿದು ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು, ಗೋಡೆಗಳು ಸೈನಿಕರ ಹಾಗೆ ನೆಟ್ಟಗೆ ನಿಂತಿದ್ದವು, ಅಂಚಿನಲ್ಲಿ ಬೂಟಿಲ್ಲ, ಬೆರಳಿಲ್ಲ, ನೆರಳಿಲ್ಲ. ಇಷ್ಟು ದಿನ ಈ ಲೆನ್ಸು ತನ್ನನ್ನು ಆಡಿಸುತ್ತಿತ್ತು, ಇವತ್ತು ಅದು ತನ್ನ ಕೈಗೆ ಬಂತು ಎಂದು ಅವನಿಗೆ ಅನಿಸಿತು. ಸಂಜೆ ಆಫೀಸಿನ ಪರದೆಯ ಮುಂದೆ ಭಾವಮೈದ ಎದ್ದು ನಿಂತು, "ಭಾವ, ಇವತ್ತು ಕಲಿತ್ರಿ ನೋಡಿ!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯಾರೂ ನಗಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದು ನಿಜ, ಅದನ್ನು ಅವನಿಗೆ ಆಮೇಲೂ ತನ್ನಿಂದ ತಾನೇ ಮುಚ್ಚಿಡಲಾಗಲಿಲ್ಲ.

ಅಕ್ಕ ಕನ್ನಡಕ ಒರೆಸಿಕೊಂಡು, ಮೇಜಿನ ಮೇಲಿದ್ದ ಬಟ್ಟೆ ಸರಿಸಿ, ಫೋಟೋದ ದೊಡ್ಡ ಪ್ರಿಂಟನ್ನು ದೀಪದ ಕೆಳಗೆ ಹರಡಿಕೊಂಡಳು. "ಅಯ್ಯೋ, ಇಷ್ಟು ದೊಡ್ಡದಾ! ಇದರಲ್ಲಿ ಮೇಜು ಹಿಡಿಸೋದಿರಲಿ, ಮೇಜಿಗೊಂದು ಮದುವೆನೇ ಮಾಡಬಹುದಲ್ಲೋ." ಬೆರಳಿಟ್ಟು ತೋರಿಸತೊಡಗಿದಳು. ಮೇಜು ಇಲ್ಲಿ. ಯಂತ್ರ ಕಿಟಕಿಯ ಹತ್ತಿರ, ಬೆಳಕಿಗೆ. ಇಲ್ಲಿ ಒಂದು ಕುರ್ಚಿ. "ನೀನು ಬಂದಾಗ ಕೂರೋಕೆ," ಎಂದಳು. "ಬರ್ತೀಯೋ ಇಲ್ವೋ?" "ಬರದೆ ಏನಕ್ಕ," ಎಂದ ಅವನು. "ಕಿಟಕಿ ಯಾಕೋ ಚಿಕ್ಕದು, ಅಲ್ವಾ? ಹೋಗ್ಲಿ, ಎಲ್ಲಾ ಬೇಕು ಅಂದ್ರೆ ಹೇಗೆ. ಮತ್ತೆ ಇದರಲ್ಲಿ ನಿನ್ನ ಕಾಲಿಲ್ಲ! ಪಳಗಿದೆ ಬಿಡು." ಬೂಟಿನ ಕಥೆಯನ್ನು ಅವನೇ ಹೇಳಿ ಅವಳನ್ನು ನಗಿಸಿದ್ದ. ಆಮೇಲೆ ಅವಳು ತಲೆಯೆತ್ತದೆಯೇ, ಬೆರಳು ಇನ್ನೂ ಕುರ್ಚಿಯ ಜಾಗದ ಮೇಲಿರುವಾಗಲೇ ಕೇಳಿದಳು. "ಅಳತೆ ಸರಿಹೋಯ್ತಲ್ಲ?" ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ತನ್ನ ತಮ್ಮನ ಆಫೀಸಿನ ಫೋಟೋಗಳನ್ನು ಅವಳು ಬಲ್ಲಳು, ಅವುಗಳ ಮನೆಗಳನ್ನೂ ಬಲ್ಲಳು. ಅವಳ ಕಣ್ಣು ಫೋಟೋದಿಂದ ಅವನ ಮುಖಕ್ಕೆ ಬಂದು ಒಂದು ಗಳಿಗೆ ನಿಂತಿತು. "ಫೋಟೋನೇ ಇದೆಯಲ್ಲಕ್ಕ, ನೋಡು," ಎಂದ ಅವನು. "ಹೌದಲ್ಲ," ಎಂದಳು ಅಕ್ಕ. ಈ ಸಲ ಹೆಂಡತಿ ನಿಜವಾಗಿಯೂ ಏನೂ ಹೇಳದೆ ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಹೇಳಿಬಿಡಬೇಕೆಂದು ಅವನು ಎಷ್ಟು ಸಲ ಹೊರಟನೋ. ಬೆಳಗ್ಗೆ ಚಹಾ ಹಿಡಿದು ಅಕ್ಕನ ಕೋಣೆಯ ಹೊಸ್ತಿಲವರೆಗೆ ಹೋಗುತ್ತಿದ್ದ. ಗೋಡೆಗೆ ಅಂಟಿಸಿದ ಆ ಫೋಟೋ ಎದುರಾಗುತ್ತಿತ್ತು. ಅಕ್ಕ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. "ನಮ್ಮ ತಮ್ಮ ತೆಗೆದದ್ದು. ಇನ್ನು ಮೇಲೆ ಅಲ್ಲಿಗೇ ಬನ್ನಿ, ಆರಾಮಾಗಿ ಕೂತು ಮಾತಾಡಬಹುದು." ಬಂದವರು ಅಬ್ಬಾ ಎನ್ನುತ್ತಿದ್ದರು. ಇಡೀ ಜೀವಮಾನ ಇನ್ನೊಬ್ಬರ ಮನೆಯ ಒಳಕೋಣೆಯಲ್ಲಿ ಕಳೆದವಳು, ತನ್ನದೆನ್ನುವ ಅಗಲವಾದ ಒಂದು ಜಾಗವನ್ನು ಗೋಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ಇನ್ನೊಬ್ಬರ ಮನೆ ಎಂದು ತನ್ನ ಮನಸ್ಸೇ ಅಂದದ್ದು ಕೇಳಿ ಅವನು ಬೆಚ್ಚಿದ. ಇದು ಅವಳದೇ ಮನೆಯಲ್ಲವೇ? ಅವಳೇ ಅಲ್ಲವೇ ಮೊದಲ ಕ್ಯಾಮೆರಾ ಕೊಡಿಸಿದವಳು, ಸ್ಟುಡಿಯೋದ ನೀಲಿ ಪರದೆಗೆ ಅಂಚು ಹೊಲಿದವಳು? ಚಹಾ ಆರುತ್ತಿತ್ತು. "ಏನೋ ಹೇಳೋಕೆ ಬಂದ ಹಾಗಿದೆ," ಎನ್ನುತ್ತಿದ್ದಳು ಅಕ್ಕ. "ಏನಿಲ್ಲ, ಚಹಾ," ಎನ್ನುತ್ತಿದ್ದ. ಹೇಳುವುದಕ್ಕೆ ನಾಳೆಯಿದೆ ಎಂದುಕೊಳ್ಳುವುದು, ಮರುದಿನ ಇಷ್ಟು ತಡವಾಗಿ ಹೇಳಿದರೆ ಇನ್ನೂ ಕೆಟ್ಟದಾಗುತ್ತದೆ ಎಂದುಕೊಳ್ಳುವುದು, ಹೀಗೆ ದಿನ ದೂಡಿದ. ಅಷ್ಟರಲ್ಲಿ ಲಿಫ್ಟು ಸರಿಯಾಯಿತು. ಈಗಲಾದರೂ ಅವಳೇ ಒಮ್ಮೆ ಹೋಗಿ ನೋಡಲಿ ಎಂದು ಆಸೆಪಟ್ಟು, "ಲಿಫ್ಟು ಸರಿ ಹೋಗಿದೆಯಂತೆ, ಒಂದ್ಸಲ ನೋಡ್ಕೊಂಡು ಬರೋಣ್ವಾ?" ಎಂದ. "ನೋಡಿದೀನಲ್ಲೋ, ದಿನಾ ನೋಡ್ತಿದೀನಲ್ಲ," ಎಂದು ಅವಳು ಗೋಡೆಯ ಕಡೆ ಕೈ ತೋರಿಸಿದಳು. ಮಗಳು ಅಳಿಯ ಹೇಳಿದ್ದಕ್ಕಿಂತ ಮುಂಚೆಯೇ ಬಂದಿಳಿದರು. ಕೂಸಿನ ತೊಟ್ಟಿಲನ್ನು ಅಕ್ಕನೇ ತನ್ನ ಕೋಣೆಯಲ್ಲಿ, ಮೇಜಿನ ಪಕ್ಕ ಇಡಿಸಿದಳು.

ಸಾಮಾನು ಸಾಗಿಸಿದ್ದು ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ. ಅಕ್ಕ ಲಿಫ್ಟಿನಲ್ಲಿ ಯಂತ್ರದ ಜೊತೆ ಮೇಲೆ ಹೋದಳು. ಮೇಜು ಲಿಫ್ಟಿಗೆ ಹಿಡಿಸದೆ ಇಬ್ಬರು ಕೂಲಿಯವರು ಹೊತ್ತು ಮೆಟ್ಟಿಲೇರಿದರು. ಅವನು ಅವರ ಹಿಂದೆ, ಮೇಜಿನ ಹೊಟ್ಟೆಯನ್ನು ನೋಡುತ್ತಾ ಹತ್ತಿದ. ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡಿದ ಗೀರುಗಳು ಇನ್ನೂ ಇದ್ದವು; ಜ್ವರದಲ್ಲಿ ಮಲಗಿ ಬರೆದ ಒಂದು ಹಡಗು, ಒಂದು ಬೆಕ್ಕು. ಮೇಲೆ ಕಾರಿಡಾರಿನಲ್ಲಿ ಅಕ್ಕ ಗೋಡೆ ಹಿಡಿದು ಬಾಗಿಲ ಮುಂದೆ ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ಮುಖ ಅವನ ಕಡೆ ತಿರುಗಿಸದೆ, "ಇದೇ ರೂಮಾ?" ಎಂದಳು. "ಇದೇ ಅಕ್ಕ." "ಪಕ್ಕದ್ದಲ್ವಾ?" "ಅಲ್ಲ." ಕೂಲಿಯವರು ಮೇಜನ್ನು ನಿಲ್ಲಿಸಿ, ಮಲಗಿಸಿ, ಓರೆ ಮಾಡಿ ಹೇಗೋ ಒಳಗೆ ನುಗ್ಗಿಸಿದರು. ಅದು ಬಾಗಿಲ ಅರ್ಧವನ್ನು ಅಡ್ಡಗಟ್ಟಿ ನಿಂತಿತು, ಮುಂದೆ ಮಂಚ. ಬಾಗಿಲು ಮುಚ್ಚುವಂತಿಲ್ಲ, ಮಂಚದ ಮೇಲೆ ಹತ್ತದೆ ಕಿಟಕಿಯ ಹತ್ತಿರ ಹೋಗುವಂತಿಲ್ಲ. "ಅಮ್ಮಾ, ಮೇಜಿನ ಮೇಲೇ ಮಲಗೋದಾ ಹೇಗೆ?" ಎಂದು ಒಬ್ಬ ನಕ್ಕ, ಯಾರೂ ನಗದ್ದು ನೋಡಿ ಬೆವರು ಒರೆಸಿಕೊಂಡ. "ಟೇಪು ಕೊಡೋ, ಅಡ್ಡ ಹಾಕಿದ್ರೆ ಹಿಡಿಸ್ತದೇನೋ ನೋಡೋಣ," ಎಂದಳು ಅಕ್ಕ. ಅವನು ಹೆಗಲಲ್ಲಿದ್ದ ಕ್ಯಾಮೆರಾ ಚೀಲದ ಹೊರಜೇಬಿಗೆ ಕೈಹಾಕಿದ. ಯೋಚಿಸದೆ ಹಾಕಿದ. ಟೇಪು ಅವಳ ಅಂಗೈಗೆ ಹೋದ ಮೇಲೆಯೇ ಅವನಿಗೆ ಅದು ಕಂಡದ್ದು. ಕೆಂಪು ದಾರ ಕಟ್ಟಿದ ಹಾಗೆಯೇ ಇತ್ತು. ಗಂಟಿನ ಮೇಲಿನ ಪುಟ್ಟ ಹೂವೂ ಬಾಡಿರಲಿಲ್ಲ.

ಅಕ್ಕ ಅದನ್ನು ನೋಡಿದಳು. ಬೆರಳಿನಿಂದ ಆ ಕುಣಿಕೆಯನ್ನು ಒಮ್ಮೆ ಮುಟ್ಟಿದಳು, ಬಿಚ್ಚಲಿಲ್ಲ. ಮೇಜಿನ ಮೇಲೆ ಇಟ್ಟಳು. ಅವಳು ಬೈಯಲಿ ಎಂದು ಅವನು ಕಾದ. ಚಿಕ್ಕವನಿದ್ದಾಗ ಹೊಸ ಬಟ್ಟೆಯ ಮೇಲೆ ಶಾಯಿ ಚೆಲ್ಲಿದ ದಿನ ಬೈದಿದ್ದಳು, ಮರದ ಅಳತೆಪಟ್ಟಿ ತೆಗೆದುಕೊಂಡು ಓಡಿಸಿದ್ದಳು, ಅವನು ಮೇಜಿನ ಕೆಳಗೆ ನುಗ್ಗಿದ ಮೇಲೆ ಅಲ್ಲಿಗೆ ಅವಳ ಕೋಪ ಬರುತ್ತಿರಲಿಲ್ಲ. "ಎಲ್ಲಿ ನಿಂತು ತೆಗೆದೆ?" ಎಂದಳು. ಅವನು ಮಂಚದ ಆಚೆಯ ಮೂಲೆಯನ್ನು ತೋರಿಸಿದ. ಅಕ್ಕ ಬಾಗಿಲಲ್ಲಿ ಉಳಿದ ಸಂದಿಯಿಂದ ಒಳಗೆ ಸರಿದು ಮಂಚದ ಮೇಲೆ ಕೂತು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಆಚೆ ಇಳಿಸಿದಳು. ಕೈ ಕೊಡಲು ಹೋದ ಅವನಿಗೆ ಮೇಜು ಅಡ್ಡವಾಯಿತು. ಅವಳು ಆ ಸಂದಿಯಲ್ಲಿ ನಿಂತು, ಬೆನ್ನು ಗೋಡೆಗೆ ಒತ್ತಿ, ಅವನ ಹಾಗೆಯೇ ಹೊಟ್ಟೆ ಒಳಕ್ಕೆಳೆದುಕೊಂಡು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ತಮ್ಮ ನೋಡಿದ ರೂಮು ಅಲ್ಲಿಂದಲಾದರೂ ಕಂಡೀತೇ ಎಂದು ಅವಳು ಹುಡುಕುತ್ತಿದ್ದಾಳೆ ಎನ್ನುವುದು ಗೊತ್ತಾಗಿ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಕೂಲಿಯವರು ಬೇರೆಡೆ ನೋಡುತ್ತಿದ್ದರು. "ಕಿಟಕಿ ದೊಡ್ಡದಿದೆ ಕಣೋ," ಎಂದಳು ಅಕ್ಕ ಕೊನೆಗೆ. "ಫೋಟೋದಲ್ಲಿ ಚಿಕ್ಕದು ಮಾಡಿಬಿಟ್ಟಿದ್ದೀಯ."

"ಅಕ್ಕ, ನಡಿ ವಾಪಸ್ ಹೋಗೋಣ," ಎಂದ ಅವನು. "ನಾನು ಅಳತೆ ಮಾಡಲಿಲ್ಲ. ಮಾಡಬಾರದು ಅಂತಲೇ ಮಾಡಲಿಲ್ಲ."

"ಗೊತ್ತಾಯ್ತು. ವಾಪಸ್ ಎಲ್ಲಿಗೆ ಹೋಗ್ತೀಯ, ಅಲ್ಲಿ ಕೂಸು ಮಲಗಿದೆ." ಅವಳು ಕೂಲಿಯವರ ಕಡೆ ತಿರುಗಿದಳು. ಗಿರಾಕಿಯ ಮುಂದೆ ಬಟ್ಟೆ ಹರಡಿ, ಇಷ್ಟರಲ್ಲೇ ಹೊಲಿಯಬೇಕೆಂದು ಗೊತ್ತಾದಾಗ ಬರುತ್ತಿದ್ದ ದನಿ ಅದು. "ಈ ಮಂಚ ಹೊರಗೆ ತೆಗೀರಪ್ಪ. ಮಾಲೀಕರಿಗೆ ಹೇಳಿಬಿಡಿ, ನನಗೆ ಬೇಡ ಅಂತ. ಮೇಜು ಕಿಟಕಿ ಪಕ್ಕ ಬರಲಿ, ಆ ಕಡೆ ಯಂತ್ರ. ಆಗ ಬಾಗಿಲೂ ಮುಚ್ತದೆ."

"ಮತ್ತೆ ಮಲಗೋದೆಲ್ಲಿ?" ಎಂದ ಅವನು.

"ಮೇಜಿನ ಕೆಳಗೆ. ನೀನು ಮಲಗ್ತಿರಲಿಲ್ವಾ?"

"ಬಗ್ಗೋಕಾಗಲ್ಲ ನಿನಗೆ."

"ನಿಧಾನಕ್ಕೆ ಕಲೀತೀನಿ," ಎಂದಳು ಅಕ್ಕ. ಕೂಲಿಯವರು ಮೇಜನ್ನು ಒಂದು ಪಕ್ಕಕ್ಕೆ ಸರಿಸಿ, ಮಂಚವನ್ನು ಎತ್ತಿ ಬಾಗಿಲ ಕಡೆ ತಿರುಗಿಸಿದರು. ಅದರ ಕಾಲು ಅವನ ಸೊಂಟಕ್ಕೆ ತಾಗಿ ನಿಂತಿತು. ಅಕ್ಕ ಮೂಲೆಯಿಂದಲೇ ಅವನನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿ‌ದ್ದರೆ ಎಂದು ಅವನು ಆಮೇಲೆ ಎಷ್ಟೋ ಸಲ ಆಸೆಪಟ್ಟ. "ನೀನು ಸ್ವಲ್ಪ ಹೊರಗೆ ನಿಂತ್ಕೊ," ಎಂದಳು. "ಆಗ ಜಾಗ ಆಗ್ತದೆ."

ಅವನು ಹೊರಗೆ ಹೋಗಿ ನಿಂತ.